ಐದೂವರೆ ಬಸ್ಸಿನ ಕೊಲೆಗಾರರು

ತಿಕೋಟಾದ ಶಾಲೆಗೆ ಶಿಕ್ಷಕಿಯಾಗಿ ಹೋದಾಗ ನನಗೆ ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ಊರಿನವರು ಎದುರಾದಾಗ “ಊಟ ಆತೇನ್ರಿ ಅಕ್ಕೋರ?” ಎನ್ನುತ್ತಿದ್ದರು. ಉತ್ತರಕ್ಕೆ ಯಾರೂ ನಿಲ್ಲುತ್ತಿರಲಿಲ್ಲ. ಶನಿವಾರ ಶಾಲೆ ಬಿಟ್ಟರೆ ಸೋಮವಾರದವರೆಗೆ ನನ್ನ ದನಿ ನನಗೇ ಕೇಳಿಸದ ವಾರಗಳಿದ್ದವು.

ಅದಕ್ಕೇ ಭಾನುವಾರ ಬಸ್ಸು ಹತ್ತಿ ವಿಜಾಪುರಕ್ಕೆ ಹೋಗುತ್ತಿದ್ದೆ. ಸೋಪು, ಎಣ್ಣೆ ತರುವುದು ನೆಪ. ಮೂರು ಗಂಟೆಯ ಆಟಕ್ಕೆ ಹೆಂಗಸರ ಕಡೆಯ ಬೆಂಚಿನಲ್ಲಿ ಕೂತು ಹಿಂದಿ ಸಿನಿಮಾ ನೋಡುತ್ತಿದ್ದೆ, ಅದೂ ಕೊಲೆಯ ಸಿನಿಮಾ. ಪ್ರೇಮದ ಕಥೆ ನನಗೆ ಸೇರುತ್ತಿರಲಿಲ್ಲ, ಅಲ್ಲಿ ಎಲ್ಲರೂ ಇಬ್ಬಿಬ್ಬರು. ಕೊಲೆಯ ಸಿನಿಮಾದಲ್ಲಿ ಎಲ್ಲರೂ ಒಬ್ಬೊಬ್ಬರೇ ಓಡಾಡುತ್ತಾರೆ, ಎಲ್ಲರ ಮೇಲೂ ಅನುಮಾನ. ಅಲ್ಲಿ ನನಗೆ ಸಲೀಸು.

ತೊಂದರೆ ಒಂದೇ. ಆಟ ಮುಗಿಯುವುದು ಆರಕ್ಕೆ, ತಿಕೋಟಾದ ಬಸ್ಸು ಐದೂವರೆಗೆ. ಅದರ ಮುಂದಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೊಲೀಸರು ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಹೊತ್ತಿಗೆ ನಾನು ಚೀಲ ಎತ್ತಿಕೊಂಡು ಎದ್ದುಬಿಡಬೇಕಿತ್ತು. ಎರಡು ವರ್ಷದಲ್ಲಿ ಒಬ್ಬ ಕೊಲೆಗಾರನನ್ನೂ ನಾನು ಕಂಡವಳಲ್ಲ.

ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮನೆಯೊಡತಿ ಐವತ್ತರ ವಿಧವೆ. ಮಕ್ಕಳು ಬಿಜ್ಜರಗಿಯ ಹೊಲದಲ್ಲೇ ಮನೆ ಮಾಡಿಕೊಂಡಿದ್ದರು, ಈಕೆ ನಾಲ್ಕು ಆಡು ಕಟ್ಟಿಕೊಂಡು ಊರೊಳಗಿದ್ದಳು. ವಾರವಿಡೀ ಅಷ್ಟಕ್ಕಷ್ಟೆ. ಆದರೆ ಭಾನುವಾರ ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಎರಡು ತಾಟು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. “ಬರ್ರಿ ಅಕ್ಕೋರ. ಇವತ್ತ ಯಾರು ಕೊಂದಾರ್ರಿ?”

ಕೊನೆ ನೋಡಿಲ್ಲ ಎಂದು ಮೊದಲ ದಿನವೇ ಹೇಳಬಹುದಿತ್ತು. ಹೇಳಿದರೆ ಆ ರೊಟ್ಟಿ, ಆ ಕಟ್ಟೆ ತಪ್ಪಿಹೋದಾವು ಎಂಬ ಭಯ. ಅದಕ್ಕೆ ಕೊನೆಯನ್ನು ನಾನೇ ಕಟ್ಟಿ ಹೇಳುತ್ತಿದ್ದೆ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಅನ್ನುವ ಹಾಗೆ, ಆ ವಾರ ಯಾರ ಮೇಲೆ ಸಿಟ್ಟಿತ್ತೋ ಅವರೇ ಕೊಲೆಗಾರರು. ನಮ್ಮ ಹೆಡ್‌ಮಾಸ್ತರರು ಬೇರೆ ಬೇರೆ ವೇಷದಲ್ಲಿ ಏಳೆಂಟು ಕೊಲೆ ಮಾಡಿದ್ದಾರೆ.

ಒಂದು ಶನಿವಾರ ಮನೆಯೊಡತಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. “ಗಂಡಿಲ್ಲ, ಮಕ್ಕಳಿಲ್ಲ, ಒಬ್ಬಾಕೀನ ಹೋಗಿ ಕತ್ತಲದಾಗ ಕುಂತ ಬರತಾಳ ನೋಡ.” ಸುಳ್ಳೇನಲ್ಲ. ಆದರೂ ಮೈಯೆಲ್ಲ ಉರಿದುಹೋಯಿತು.

ಮರುದಿನದ ಸಿನಿಮಾ ಉತ್ತರದ ಯಾವುದೋ ಸಣ್ಣ ಊರಿನದು. ಒಂದು ದವಾಖಾನೆ, ಒಂದು ಬಸ್‌ಸ್ಟ್ಯಾಂಡು, ಚಹದಂಗಡಿ, ತಿಕೋಟಾ ಇದ್ದ ಹಾಗೇ ಇತ್ತು. ಬಾಡಿಗೆಯ ಕೋಣೆಯಲ್ಲಿದ್ದ ಒಂಟಿ ಗುಮಾಸ್ತನ ಹೆಣ ಬಾವಿಯಲ್ಲಿ ಸಿಗುತ್ತದೆ. ಅನುಮಾನ ದವಾಖಾನೆಯ ಕಂಪೌಂಡರನ ಮೇಲೆ, ಪೋಸ್ಟ್ ಮಾಸ್ತರನ ಮೇಲೆ. ದಿನಾ ಗುಮಾಸ್ತನಿಗೆ ಊಟ ಬಡಿಸುತ್ತಿದ್ದ ಮನೆಯೊಡತಿಯ ಮೇಲೆ ಯಾರಿಗೂ ಇಲ್ಲ.

“ಯಾರು ಕೊಂದಾರ್ರಿ?” ಎಂದು ಸಂಜೆ ಕಟ್ಟೆಯ ಮೇಲೆ ನನ್ನ ಮನೆಯೊಡತಿ ಕೇಳಿದಳು.

“ಮನಿ ಮಾಲಕಿ,” ಎಂದೆ. “ಬಾಯಾಗ ಬೆಲ್ಲ, ಹೊಟ್ಯಾಗ ವಿಷ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲಿ ಎಂದೇ ಹೇಳಿದ್ದು. ಅವಳು ತಾಟು ತೆಗೆದುಕೊಂಡು ಒಳಗೆ ಹೋದಳು. ಮುಂದಿನ ಎರಡು ಭಾನುವಾರ ಕಟ್ಟೆ ಖಾಲಿಯಿತ್ತು. ಕೋಣೆಯಲ್ಲಿ ತಣ್ಣನೆಯ ಅನ್ನ ತಿನ್ನುತ್ತ ನಾನು ಅತ್ತೆ. ಯಾರಿಗಾಗಿ ಅತ್ತೆನೆಂದು ಕೇಳಿದರೆ ನನಗಾಗಿಯೇ.

ಮೂರನೆಯ ಭಾನುವಾರ ಅವಳು ಇಳಕಲ್ ಸೀರೆಯುಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. “ನಾನೂ ಬರತೇನ್ರಿ. ಆ ಕೊಂದಾಕೀನ ಕಣ್ಣಾರೆ ನೋಡಬೇಕು.”

ಅದೇ ಸಿನಿಮಾ ಇನ್ನೂ ಓಡುತ್ತಿತ್ತು. ಈ ಸಲ ನಾನು ನೋಡಿದ್ದು ಪರದೆಗಿಂತ ಗಡಿಯಾರವನ್ನೇ ಹೆಚ್ಚು. ಎದ್ದರೆ ಕೊನೆ ಎಂದೂ ನೋಡಿಲ್ಲವೆಂಬುದು ಬಯಲಾಗುತ್ತದೆ. ಕೂತರೆ ನಿಜವಾದ ಕೊಲೆಗಾರ ಬಂದು ನನ್ನ ಸುಳ್ಳು ಬಯಲಾಗುತ್ತದೆ. ಐದೂಕಾಲಿಗೆ ಪೊಲೀಸರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ನಾನು ಕಲ್ಲಿನಂತೆ ಕೂತಿದ್ದೆ.

ಅವಳೇ ಎದ್ದಳು. “ಏಳ್ರಿ ಅಕ್ಕೋರ, ಬಸ್ಸ ಹೊಕ್ಕೈತಿ.”

“ಕೊನಿ ನೋಡೂದಿಲ್ಲೇನ್ರಿ?”

“ಕೊನಿ ನೀವ ಹೇಳತೀರಲ್ಲ.”

ಬಸ್ಸು ಅಥಣಿ ರಸ್ತೆ ಹಿಡಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು. “ಐದೂವರಿ ಬಸ್ಸಿಗೆ ಬರಾಕಿ ಆರಕ್ಕ ಬಿಡೂ ಸಿನಿಮಾದ ಕೊನಿ ಹೆಂಗ ನೋಡ್ಯಾಳು? ನನಗ ಮದಲಿಂದ ಗೊತ್ತೈತ್ರಿ.”

“ಮತ್ತ ಯಾಕ ಕೇಳತಿದ್ರಿ?”

“ನನ್ನ ಕೂಡ ತಾಸಗಟ್ಟಲೆ ಮಾತಾಡಾವರು ಮತ್ತ ಯಾರದಾರ್ರಿ?” ಈಗ ನನ್ನ ಕಡೆ ತಿರುಗಿ ಅಂದಳು. “ಅವತ್ತ ಬಾಜೂ ಮನಿಯಾಕಿ ಮುಂದ ನಾ ಅಂದದ್ದು ತಪ್ಪ. ಈ ಸಲ ನನ್ನ ಬಿಟ್ಟಬಿಡ್ರಿ.”

ನಾನು ಕಂಪೌಂಡರನನ್ನು ಹಿಡಿಸಿದೆ. ತಿಕೋಟಾ ಬರುವವರೆಗೂ ಅವನ ಕೈಗೆ ಬೇಡಿ ಹಾಕಿಸುವ ಕಥೆ ಹೇಳಿದೆ. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು.

ಮುಂದಿನ ವರ್ಷ ನನಗೆ ವಿಜಾಪುರಕ್ಕೆ ವರ್ಗವಾಯಿತು. ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ ಮನೆ. ಬಸ್ಸಿನ ಹಂಗಿಲ್ಲ. ಅದೇ ಸಿನಿಮಾ ಮತ್ತೊಮ್ಮೆ ಬಂದಾಗ ಮೊದಲ ಬಾರಿಗೆ ಕೊನೆಯವರೆಗೆ ಕೂತೆ. ಕೊಂದವಳು ಮನೆಯೊಡತಿಯೇ.

ಬೀಗ ತೆಗೆದು ಒಳಗೆ ಬಂದು ಒಂದು ತಾಟು ಇಟ್ಟುಕೊಂಡು ಕೂತೆ. ಯಾರು ಕೊಂದಾರ್ರಿ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಕೇಳಿದ್ದರೂ ಕಂಪೌಂಡರ್ ಎಂದೇ ಹೇಳುತ್ತಿದ್ದೆ.