ಕಾಶಮ್ಮ ಬಿಟ್ಟ ಚಪ್ಪಲಿ

ನನ್ನ ಓದಿನ ದಿನಚರಿಯ ಪ್ರತಿ ಪುಟದ ಬಲತುದಿಯಲ್ಲಿ ಎರಡು ಬೆರಳಗಲದ ಜಾಗ ಖಾಲಿ ಉಳಿಯುತ್ತದೆ. ಅದು ಅಂದಕ್ಕಾಗಿ ಬಿಟ್ಟದ್ದಲ್ಲ, ಅಳತೆ ತಪ್ಪಿ ಉಳಿದದ್ದು. ವರ್ಷದ ಮೊದಲ ದಿನ ಸ್ಕೇಲು ಹಿಡಿದು ಕೂತು ಕ್ರಮಸಂಖ್ಯೆ, ಹೆಸರು, ಹಿಡಿದ ದಿನ, ಮುಗಿಸಿದ ದಿನ, ಪುಟ, ಅಭಿಪ್ರಾಯ, ಅಂಕ ಎಂದು ಏಳು ಮನೆಗಳ ಗೆರೆ ಎಳೆದೆ. ಎಂಟನೆಯ ಮನೆಗೆ ಜಾಗ ಉಳಿಯಿತೇ ಹೊರತು ಅದರಲ್ಲಿ ತುಂಬಲು ವಿಷಯ ಹೊಳೆಯಲಿಲ್ಲ. ಪುಸ್ತಕವೊಂದರ ಬಗ್ಗೆ ತಿಳಿಯಬೇಕಾದದ್ದೆಲ್ಲ ಏಳರಲ್ಲಿಯೇ ಮುಗಿಯುತ್ತದೆಂದು ಆಗ ನಾನು ನಂಬಿದ್ದೆ.

ಈ ನಂಬಿಕೆ ಹೊಟ್ಟೆಪಾಡಿನಿಂದ ಅಂಟಿದ್ದು. ಬೀದರಿನ ಅಂಚಿನಲ್ಲಿ, ಕೊಳಾರದ ಗೋದಾಮೊಂದರಲ್ಲಿ ದಾಸ್ತಾನು ಬರೆಯುವುದು ನನ್ನ ಕೆಲಸ. ಅಲ್ಲಿ ಎರಡು ಮನೆಗಳಿವೆ: ‘ಇರಬೇಕಾದದ್ದು’ ಮತ್ತು ‘ಇರುವುದು’. ಎರಡೂ ತಾಳೆಯಾದರೆ ಸಂಜೆ ಆರಕ್ಕೆ ಬೀಗ ಹಾಕಿ ಹೊರಡಬಹುದು. ಭಾನುವಾರಗಳಲ್ಲಿ ಅವ್ವನನ್ನು ನೋಡಲು ಔರಾದಿಗೆ ಹೋಗುತ್ತೇನೆ. ಔರಾದಿಗೆ ರೈಲಿಲ್ಲ, ಹಾಗಾಗಿ ನನ್ನ ಸಾಹಿತ್ಯಾಭಿರುಚಿಯೆಲ್ಲ ಬಸ್ಸಿನ ಕುಲುಕಾಟದಲ್ಲಿಯೇ ರೂಪುಗೊಂಡಿದೆ. ರಸ್ತೆ ನುಣುಪಾಗಿದ್ದ ಕಡೆ ಓದಿದ ಅಧ್ಯಾಯಗಳಿಗೆ ಅಂಕ ಒಂದಿಷ್ಟು ಉದಾರವಾಗಿ ಬಿದ್ದಿದೆಯೆಂಬ ಅನುಮಾನ ನನಗಿದೆ, ಆದರೆ ಅದನ್ನು ಸರಿಪಡಿಸಲು ರಸ್ತೆಯ ಲೆಕ್ಕವನ್ನೂ ಇಡಬೇಕಾಗುತ್ತದೆ.

ಈ ವರ್ಷದ ಓದಿನಿಂದ ಒಂದೆರಡು ಮಾದರಿ ಕೊಡುತ್ತೇನೆ. ಹದಿನಾಲ್ಕನೆಯದು ಒಂಬತ್ತು ಜನ ಸರದಿಯಂತೆ ಹೇಳುವ ಕಾದಂಬರಿ. ಒಂಬತ್ತು ಜನರೂ ಒಂದೇ ಗುರುವಿನ ಬಳಿ ಮಾತು ಕಲಿತವರಂತೆ ಮಾತಾಡುತ್ತಾರೆ; ಯಾರಿಗೆ ತಲೆನೋವು, ಯಾರಿಗೆ ಮಂಡಿನೋವು ಎಂಬುದನ್ನು ನೋಡಿ ಗುರುತು ಹಿಡಿಯಬೇಕಾಯಿತು. ಐದು ಅಂಕ. ಇಪ್ಪತ್ತಾರನೆಯದು ಉದ್ಯಮಿಯೊಬ್ಬರ ಜೀವನಚರಿತ್ರೆ, ಬರೆದವರು ಅವರ ಅಣ್ಣನ ಮಗ. ಆ ಚಿಕ್ಕಪ್ಪ ಬದುಕಿನಲ್ಲಿ ಒಂದೇ ಒಂದು ತಪ್ಪು ಮಾಡಿದ್ದಾರೆ: ಜೀವನಚರಿತ್ರೆ ಬರೆಯಲು ಅಣ್ಣನ ಮಗನಿಗೆ ಹೇಳಿದ್ದು. ನಾಲ್ಕು. ಇಪ್ಪತ್ತೆರಡನೆಯದು ಬೀಗಗಳ ಇತಿಹಾಸ, ಈ ವರ್ಷ ನನಗೆ ತುಂಬ ಹಿಡಿಸಿದ ಪುಸ್ತಕಗಳಲ್ಲೊಂದು. ಲೇಖಕರಿಗೆ ಬೀಗ ಹಾಕುವವನ ಮೇಲೂ ಮುರಿಯುವವನ ಮೇಲೂ ಸಮಾನ ಅಕ್ಕರೆ. ಅದನ್ನು ಓದಿದ ವಾರ ಔರಾದಿನ ನಮ್ಮ ಮನೆಯ ಬಾಗಿಲಲ್ಲಿ ನಿಂತು ಹಳೆಯ ಹಿತ್ತಾಳೆಯ ಬೀಗದ ಒಳಗಿನ ಸ್ಪ್ರಿಂಗುಗಳನ್ನು ವರ್ಣಿಸುತ್ತಿದ್ದಾಗ ಅವ್ವ ಸಂತೆಯ ಚೀಲ ಹಿಡಿದು ಬಿಸಿಲಲ್ಲಿ ಕಾಯುತ್ತಿದ್ದಳು. “ಕೀಲಿ ಹಾಕಂದ್ರ ಕೀಲಿ ಕಥಿ ಹೇಳ್ತಿ. ಸಂತಿ ಎದ್ದು ಹೋಗ್ತದ, ನಡಿ,” ಎಂದಳು. ಎಂಟೂವರೆ.

ಇಂಥ ಅಭಿಪ್ರಾಯಗಳನ್ನು ನಾನು ಬರಿದೇ ಬರೆದಿಟ್ಟುಕೊಳ್ಳುವುದಿಲ್ಲ, ತಿಂಗಳ ಎರಡನೆಯ ಭಾನುವಾರ ಭಾಲ್ಕಿಗೆ ಒಯ್ದು ಹಂಚುತ್ತೇನೆ. ಅಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಹನ್ನೊಂದು ಜನ ಓದುಗರು ಸೇರುತ್ತೇವೆ. ಒಬ್ಬರು ಮಾತಾಡುತ್ತಾರೆ, ಉಳಿದವರು ಚಹಾ ಬರುವ ತನಕ ಒಪ್ಪುತ್ತಾರೆ, ಬಂದ ಮೇಲೆ ಜಗಳವಾಡುತ್ತಾರೆ. ಆಗಸ್ಟಿನ ಸರದಿ ನನ್ನದು. ನಾನು ಆರಿಸಿದ್ದು ಮೂವತ್ತೊಂದನೆಯ ಪುಸ್ತಕ, ಕುರಿ ಸಾಕುವ ಮನೆತನದ ಕಾದಂಬರಿ. ಮೂವರು ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುತ್ತಾರೆ, ಬಾವಿಯನ್ನು ಹಂಚಲಾರದೆ ಮಾತು ಬಿಡುತ್ತಾರೆ. ನಡುವೆ ಸಿಕ್ಕವಳು ಕಿರಿಯವನ ಹೆಂಡತಿ ಕಾಶಮ್ಮ. ಮನೆಯಲ್ಲಿ ಏನು ಕೆಟ್ಟರೂ ಅವಳ ಹೆಸರಿಗೆ. ಕೊನೆಯ ಪುಟದಲ್ಲಿ ಕಾಶಮ್ಮ ಮಧ್ಯಾಹ್ನದ ಬಿಸಿಲಲ್ಲಿ ಒಬ್ಬಳೇ ಬಾವಿಗೆ ಬರುತ್ತಾಳೆ. ನೀರು ದೂರ ಕೆಳಗಿದೆ. ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲ ಪಕ್ಕಕ್ಕಿಡುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಆ ಮುಕ್ತಾಯವನ್ನು ನಾನು ಇಪ್ಪತ್ತೈದು ನಿಮಿಷ ಹೊಗಳಿದೆ. ಹೇಳದೆ ಬಿಡುವುದೇ ಹೇಳುವುದರ ಪರಾಕಾಷ್ಠೆ, ಲೇಖಕನ ಸಂಯಮ ಓದುಗನಿಗೆ ಸಂದ ಗೌರವ ಎಂದೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದ ವಾಕ್ಯಗಳು ಸರಾಗವಾಗಿ ಬಂದವು. ಗ್ರಂಥಾಲಯದವರು ಮತ್ತೆ ಬೈಂಡು ಮಾಡಿಸಿದ ಪ್ರತಿ ಅದು, ಅಂಚು ಕತ್ತರಿಸುವಾಗ ಪುಟದ ಸಂಖ್ಯೆಗಳೂ ಹಾರಿಹೋಗಿದ್ದವು. ನಾನು ಕೈಯಿಂದ ಎಣಿಸಿ ಇನ್ನೂರ ಎಂಟು ಎಂದು ದಾಖಲಿಸಿದ್ದೆನೆಂಬುದನ್ನೂ ಹೆಮ್ಮೆಯಿಂದ ಹೇಳಿದೆ.

ಅದೇ ಪ್ರತಿಯನ್ನು ನನ್ನಿಂದ ಮುಂಚೆಯೇ ಇಸಿದುಕೊಂಡು ಓದಿದ್ದವರು ಶಾಂತಾಬಾಯಿ ಟೀಚರ್. ಕಮಲನಗರದಲ್ಲೂ ಭಾಲ್ಕಿಯಲ್ಲೂ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ತಿಂಗಳಿಗೆ ನಾಲ್ಕು ಪುಸ್ತಕ ಓದುವವರು. ಚಹಾ ಬಂದಿತು. ಅವರು ಮುಟ್ಟಲಿಲ್ಲ.

“ತಂಗಿ, ಚಪ್ಪಲ್ ಬಿಟ್ಟಾಳ. ಆಮ್ಯಾಲ?”

“ಅದು ಓದುಗರ ನಿರ್ಣಯಕ್ಕ ಬಿಟ್ಟದ್ರಿ, ಟೀಚರ್.”

“ಓದುಗರದ್ಯಾಕ? ಬರದಾಂವ ಏನ್ ಮಾಡ್ಲಿಕತ್ಯಾನ? ನಾ ಇಷ್ಟು ವರ್ಷ ಹಾಜರಿ ಕೂಗೀನಿ. ಒಬ್ಬ ಪೋರಿ ಓ ಅನಲಿಲ್ಲಂದ್ರ ‘ಓದುಗರ ನಿರ್ಣಯ’ ಅಂತ ಬರಕೊಂಡು ಮನಿಗಿ ಹೋಗ್ಲಿಲ್ಲ. ಎಲ್ಲಿದ್ದಾಳ ಅಂತ ಹುಡುಕಸ್ತಿದ್ದೆ.”

ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ನಾನು ಪಾತ್ರ ಬೇರೆ, ವ್ಯಕ್ತಿ ಬೇರೆ ಎಂಬ ವಿಷಯವಾಗಿ ಮತ್ತೆ ಐದು ನಿಮಿಷ ಮಾತಾಡಿದೆ. ಈಗ ನೆನೆದರೆ ಆ ಐದು ನಿಮಿಷಗಳನ್ನು ಯಾರಾದರೂ ಅಂಚಿನೊಂದಿಗೆ ಕತ್ತರಿಸಿ ಹಾಕಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಸೆಪ್ಟೆಂಬರಿನ ಭಾನುವಾರ ಟೀಚರ್ ಬಂದರು, ಆದರೆ ಬರಿಗೈಯಲ್ಲಿ. ನಾನು ತಂದಿದ್ದ ಪುಸ್ತಕ ಚಾಚಿದರೆ ಪಕ್ಕಕ್ಕೆ ಸರಿಸಿದರು. “ನಕೋ. ಆಕಿ ಬಾವಿ ಮ್ಯಾಲ ನಿಂತಾಳ. ನಾ ಬ್ಯಾರೆ ಪುಸ್ತಕ ಹ್ಯಾಂಗ ತಗೀಲಿ?” ಒಂದು ತಿಂಗಳಿಂದ ಅವರು ಒಂದು ಪುಟವನ್ನೂ ಓದಿರಲಿಲ್ಲ. ಕಣ್ಣು ಚೆನ್ನಾಗಿತ್ತು, ಕೈಯಲ್ಲಿ ವೇಳೆ ಇತ್ತು, ಮನಸ್ಸು ಮಾತ್ರ ಆ ಮೆಟ್ಟಿಲ ಬಳಿ ನಿಂತಿತ್ತು. ಕಾದಂಬರಿಯನ್ನು ಕೊಟ್ಟವಳು ನಾನು, ಅದು ಅಲ್ಲಿಗೇ ಮುಗಿದದ್ದು ಸರಿಯೆಂದು ಹತ್ತು ಜನರೆದುರು ತೀರ್ಪು ಕೊಟ್ಟವಳೂ ನಾನು.

ಇಂಥ ಸಂದರ್ಭದಲ್ಲಿ ಬೇರೆಯವರು ಕ್ಷಮೆ ಕೇಳುತ್ತಾರೆ. ನಾನು ಪಟ್ಟಿ ಮಾಡುತ್ತೇನೆ. ಈ ವರ್ಷ ಓದಿದ ಕಾದಂಬರಿಗಳಲ್ಲಿ ಎಷ್ಟು ಹೀಗೆ ಬಾಗಿಲು ತೆರೆದಿಟ್ಟು ಮುಗಿಯುತ್ತವೆಂದು ಎಣಿಸಿ ತೋರಿಸಿದರೆ ಟೀಚರ್ ಸಮಾಧಾನಗೊಂಡಾರು ಎಂದುಕೊಂಡು ಮುಂದಿನ ಭಾನುವಾರ ಔರಾದಿನ ಬಸ್ಸಿನಲ್ಲಿ ದಿನಚರಿ ಬಿಚ್ಚಿದೆ. ಏಳು ಸಿಕ್ಕವು. ಪಟ್ಟಿ ಪರಿಪೂರ್ಣವಾಗಲೆಂದು ಕಾದಂಬರಿಯಲ್ಲದ ಪುಸ್ತಕಗಳ ಸಾಲುಗಳನ್ನೂ ನೋಡುತ್ತ ಹೋದೆ. ಹನ್ನೊಂದನೆಯ ಸಾಲು, ಮಾರ್ಚಿ ತಿಂಗಳದ್ದು: ನಮ್ಮ ಒಣಸೀಮೆಯ ಬಾವಿಗಳ ಬಗ್ಗೆ ಬರೆದ ಪುಸ್ತಕ. ಆಳ, ಸುತ್ತಳತೆ, ಮೆಟ್ಟಿಲುಗಳ ಲೆಕ್ಕ. ನನಗಾಗಿಯೇ ಬರೆದಂತಿದ್ದ ಕೃತಿ. ಅಭಿಪ್ರಾಯದ ಮನೆಯಲ್ಲಿ ನನ್ನದೇ ದುಂಡು ಅಕ್ಷರ: “ಕೊನೆಯಲ್ಲಿ ಅಂಕಿಗಳು ಹಠಾತ್ತನೆ ನಿಂತು ಕಥೆ ಶುರುವಾಗುತ್ತದೆ. ಕಾಶಮ್ಮ ಎಂಬಾಕೆ ಬಾವಿಗೆ ಬಿದ್ದ ಕುರಿಮರಿಯನ್ನು ಎತ್ತಿ ತರುವ ಪ್ರಸಂಗ. ಸಂಶೋಧನೆಯನ್ನು ಕಥೆಯಲ್ಲಿ ಮುಗಿಸಿದ್ದು ದಿಟ್ಟ ಪ್ರಯೋಗ. 9.”

ಬಸ್ಸು ಹೋಗುತ್ತಲೇ ಇತ್ತು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ, ಅದೊಂದರ ಲೆಕ್ಕ ಇಟ್ಟಿಲ್ಲ.

ಎರಡು ಪುಸ್ತಕಗಳ ಬಗೆಗಿನ ಎರಡು ಮೆಚ್ಚುಗೆಗಳೂ ಒಂದೇ ಮಡಿಕೆಯ, ಅಂದರೆ ಕಾದಂಬರಿಯಿಂದ ಕಳಚಿ ಬಾವಿಗಳ ಪುಸ್ತಕದಲ್ಲಿ ಹೊಲಿದುಹೋಗಿದ್ದ ಹಾಳೆಗಳ ಕಂತೆಯ ಸುತ್ತ ಸುತ್ತುತ್ತಿದ್ದವು: ಒಂದರಲ್ಲಿ ಇಲ್ಲದ್ದನ್ನು ಸಂಯಮವೆಂದೆ, ಇನ್ನೊಂದರಲ್ಲಿ ಇರಬಾರದ್ದನ್ನು ದಿಟ್ಟತನವೆಂದೆ. ಗೋದಾಮಿನಲ್ಲಿ ಎರಡು ಮನೆ ಇಟ್ಟುಕೊಂಡವಳು ಓದುವಾಗ ‘ಇರುವುದು’ ಒಂದನ್ನೇ ಎಣಿಸಿ ಬೀಗ ಹಾಕಿದ್ದೆ. ಬೀಗಗಳ ಇತಿಹಾಸ ಓದಿಯೂ.

ಮಂಗಳವಾರ ರಜೆ ಹಾಕಿ, ಗ್ರಂಥಾಲಯದಲ್ಲಿ ಹೇಳಿ ಎರಡೂ ಪುಸ್ತಕ ಪಡೆದು, ಹಳೆಯ ಬೀದರಿನ ಓಣಿಯಲ್ಲಿ ಗ್ರಂಥಾಲಯದ ಬೈಂಡಿಂಗ್ ಮಾಡುವ ರಹೀಂ ಚಾಚಾರ ಬಳಿ ಹೋದೆ. ಎರಡೂ ಒಂದೇ ಪ್ರಕಾಶಕರವು, ಒಂದೇ ಅಳತೆ, ಒಂದೇ ಅಕ್ಷರ, ಈಗ ಒಂದೇ ಕಪ್ಪು ರಟ್ಟು. ಚಾಚಾ ಕನ್ನಡಕ ಏರಿಸಿ ನೋಡಿದರು, ಗಾಬರಿಯಾಗಲಿಲ್ಲ.

“ದಾರ ಹರದು ಒಂದು ಮಡಿಕಿ ಉದುರಿ ಬಿದ್ದಿತ್ತು, ಬೇಟಿ. ನಂಗ ಕನ್ನಡ ಒಂದೊಂದೇ ಅಕ್ಷರ ಕೂಡಿಸಿ ಓದಲಿಕ್ಕ ಬರ್ತದ. ಮೊದಲ್ನೇ ಸಾಲಿನಾಗ ಬಾವಿ ಅಂತ ಇತ್ತು. ಒಂದು ಕಿತಾಬು ಬಾವೀದು. ಮತ್ತೆಲ್ಲಿ ಹಾಕ್ಲಿ?”

“ಪುಟದ ನಂಬರ್ ನೋಡಬೇಕಿತ್ತಲ್ರಿ, ಚಾಚಾ.”

“ನಂಬರ್ ಹ್ವಾದ ಸಲ ಬೈಂಡ್ ಮಾಡಿದಾಗ ನಾನೇ ಕತ್ತರ್ಸೀನಿ.” ಆಮೇಲೆ ಮೆಲ್ಲಗೆ, ಯಾವ ವ್ಯಂಗ್ಯವೂ ಇಲ್ಲದೆ: “ನೀ ಎರಡೂ ಪೂರಾ ಓದೀದಿ ಅಂತಿ. ನಿಂಗ ಗೊತ್ತಾಗಲಿಲ್ಲ?”

ಅಕ್ಷರ ಕೂಡಿಸಿ ಓದುವ ಮನುಷ್ಯ ಒಂದು ಸಾಲು ಓದಿ ಕಾರಣಸಹಿತ ನಿರ್ಧಾರ ತೆಗೆದುಕೊಂಡಿದ್ದರು. ನಾನು ಎಲ್ಲ ಸಾಲನ್ನೂ ಓದಿ ಅಂಕ ಕೊಟ್ಟಿದ್ದೆ. ಸಂಗತಿಯೆಲ್ಲ ಕೇಳಿ ಚಾಚಾ ಬ್ಲೇಡಿನಿಂದ ದಾರ ಬಿಡಿಸಿ ಹದಿನಾರು ಪುಟಗಳನ್ನು ಕಾದಂಬರಿಯ ಹಿಂದೆ ಇಟ್ಟುಕೊಟ್ಟರು. “ಹೊಲಿಯೋದು ಆಮ್ಯಾಲ. ಮೊದಲ ಆ ಟೀಚರ್ ಬಾಯಿಯವರಿಗಿ ಓದಸಿ ಬಾ.”

ಅಕ್ಟೋಬರಿನ ಎರಡನೆಯ ಭಾನುವಾರ ಭಾಲ್ಕಿಯ ಮಹಡಿಯಲ್ಲಿ, ಚಹಾಕ್ಕೆ ಮುಂಚೆಯೇ, ಎಲ್ಲವನ್ನೂ ಹೇಳಿ ಹನ್ನೊಂದನೆಯ ಸಾಲನ್ನು ಗಟ್ಟಿಯಾಗಿ ಓದಿದೆ. ಓದುವಾಗ ‘ದಿಟ್ಟ ಪ್ರಯೋಗ’ ಎಂಬಲ್ಲಿ ದನಿ ತಾನಾಗಿಯೇ ತಗ್ಗಿತು. ಟೀಚರ್ ನನ್ನ ಮಾತು ಮುಗಿಯುವ ಮೊದಲೇ ಆ ಮಡಿಕೆಯನ್ನು ಎಳೆದುಕೊಂಡಿದ್ದರು. ಬೆರಳಿಟ್ಟು ಓದಿದರು. ನಾವು ಹತ್ತು ಜನ ಅವರ ಬೆರಳನ್ನು ನೋಡುತ್ತ ಕೂತೆವು.

“ಮರಿ ಬಿದ್ದಿತ್ತಾ!” ಎಂದರು ಒಮ್ಮೆಲೆ, ಪುಸ್ತಕಕ್ಕೆ ಬೈಯುವವರಂತೆ. “ಬಾಯಿ ಬಿಟ್ಟು ಹೇಳಬಾರದಾ ಮೊದಲ?” ಮತ್ತೆ ಪುಟ ತಿರುವಿದರು. ಕಾಶಮ್ಮ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ನಿಲುಕದ ಆಳದಿಂದ ಕೂಗುತ್ತಾಳೆ, ಮಾತು ಬಿಟ್ಟ ಮೂವರು ಅಣ್ಣತಮ್ಮಂದಿರೂ ಓಡಿಬಂದು ಒಂದೇ ಹಗ್ಗ ಹಿಡಿದು ಜಗ್ಗುತ್ತಾರೆ, ಮೇಲೆ ಬಂದು ನೋಡಿದರೆ ಒಂದು ಚಪ್ಪಲಿಯನ್ನು ನಾಯಿ ಒಯ್ದಿರುತ್ತದೆ. ಟೀಚರ್ ಮಡಿಕೆಯನ್ನು ಮುಚ್ಚಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಬಂದ್ಲು ನೋಡ್ರಿ, ಮ್ಯಾಲ.”

ಆಮೇಲೆ ನನ್ನ ಕಡೆ ತಿರುಗಿದರು. “ತಂಗಿ, ನೀ ಮಾರ್ಚಿನ್ಯಾಗೇ ಆಕಿ ಬಾವ್ಯಾಗಿಂದ ಮ್ಯಾಲ ಬಂದದ್ದು ನೋಡಿದ್ದಿ. ನಾ ಇಲ್ಲಿ ಎರಡು ತಿಂಗಳು ಒದ್ದಾಡೀನಿ. ಹೇಳಬಾರದಾ?”

“ಮರ್ತಿದ್ದೆರಿ, ಟೀಚರ್.”

“ಒಂಬತ್ತು ಮಾರ್ಕ್ಸ್ ಕೊಟ್ಟಿದ್ದು?”

“ಅದು ನೆನಪಿತ್ರಿ.”

ಆ ದಿನ ನಕ್ಕಷ್ಟು ಬಟ್ಟೆ ಅಂಗಡಿಯ ಮಹಡಿಯಲ್ಲಿ ನಾವು ಹಿಂದೆ ನಕ್ಕಿರಲಿಲ್ಲ. ಕೆಳಗಿನಿಂದ ಅಂಗಡಿಯವರು ಬಂದು ಏನಾಯಿತೆಂದು ಕೇಳಿ ಹೋದರು. ಟೀಚರ್ ಚಹಾ ಕುಡಿದು, ನನ್ನ ಚೀಲದಲ್ಲಿ ಕೈ ಹಾಕಿ ಬೀಗಗಳ ಇತಿಹಾಸವನ್ನು ತಾವೇ ತೆಗೆದುಕೊಂಡರು.

ವಿಮರ್ಶಕಿಯಾಗಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮೂವರೂ ಒಂದೇ ಹಗ್ಗ ಹಿಡಿಯುವುದು ಸ್ವಲ್ಪ ಅತಿಯಾಯಿತು, ಚಪ್ಪಲಿಯ ಬಳಿ ನಿಂತ ನನ್ನ ಹರಕು ಪ್ರತಿಯೇ ಹೆಚ್ಚು ಬಿಗಿಯಾಗಿತ್ತು ಎಂದು ನಾನು ಈಗಲೂ ನಂಬುತ್ತೇನೆ. ಟೀಚರಿಗೂ ಹೇಳಿದೆ. “ಇರಲಿ ಬಿಡು, ಬಿಗಿ ಕಟ್ಟಿಕೊಂಡು ಏನ್ ಮಾಡೂದದ,” ಎಂದರು. ನಾವಿಬ್ಬರೂ ನಮ್ಮ ನಮ್ಮ ಅಭಿಪ್ರಾಯದಲ್ಲಿಯೇ ಉಳಿದಿದ್ದೇವೆ. ಆದರೆ ಮೂವತ್ತೊಂದು ಪುಸ್ತಕಗಳ ಅಂಕ ನೆನಪಿಟ್ಟವಳಿಗೆ ಒಬ್ಬ ಹೆಂಗಸಿನ ಹೆಸರು ಐದು ತಿಂಗಳು ನೆನಪಿರಲಿಲ್ಲ. ಪುಸ್ತಕದ ಹೆಸರನ್ನೂ ಬರೆದವರ ಹೆಸರನ್ನೂ ಈಗಾಗಲೇ ಮರೆತಿರುವ ಟೀಚರ್, ಕಾಶಮ್ಮನನ್ನು ಒಂದು ದಿನವೂ ಬಾವಿಯ ಬಳಿ ಒಬ್ಬಳೇ ಬಿಟ್ಟಿರಲಿಲ್ಲ.

ಆ ಸಂಜೆ ಬೀದರಿಗೆ ಮರಳುವ ರೈಲಿನಲ್ಲಿ ದಿನಚರಿ ತೆಗೆದು, ಬಲತುದಿಯ ಆ ಎರಡು ಬೆರಳಗಲದ ಖಾಲಿ ಜಾಗದ ಮೇಲೆ ‘ಹಾಜರಿ’ ಎಂದು ಬರೆದೆ. ಮೊದಲ ಪುಸ್ತಕದಿಂದ ಕೂಗುತ್ತ ಬಂದೆ. ಒಂಬತ್ತು ಜನ ಮಾತಾಡುವ ಕಾದಂಬರಿಯಿಂದ ಒಬ್ಬರೂ ಓ ಅನ್ನಲಿಲ್ಲ. ಉದ್ಯಮಿಯ ಜೀವನಚರಿತ್ರೆಯಿಂದ ಅವರ ಕಾರಿನ ಚಾಲಕ ಮಾತ್ರ ಕೈ ಎತ್ತಿದ. ಒಂದೂವರೆ ಸಾಲಿನಲ್ಲಿ ಬಂದು ಹೋಗುವವನು. ಹೀಗೆ ಬಹಳಷ್ಟು ಮನೆಗಳು ಖಾಲಿಯೇ ಉಳಿದವು, ಅವಕ್ಕೆ ಸುಮ್ಮನೆ ಅಡ್ಡಗೆರೆ ಎಳೆಯಲು ಮನಸ್ಸಾಗಲಿಲ್ಲ. ಮೂವತ್ತೊಂದನೆಯ ಸಾಲಿಗೆ ಬಂದಾಗ ಅಂಕದ ಮನೆಯನ್ನು ಮುಟ್ಟದೆ, ಪಕ್ಕದಲ್ಲಿ ಬರೆದೆ: ಕಾಶಮ್ಮ, ಹಾಜರ್. ಒಂದು ಚಪ್ಪಲಿ ಇಲ್ಲ.