ಸರ್ ಹೇಳದ ಮಾತು

ನಾನು ಸುಳ್ಳು ಹೇಳಿದೆ. ಗಿಟಾರ್ ಕಲಿಸುತ್ತಿದ್ದ ಸರ್ ಆಡದ ಮಾತನ್ನು ಆಡಿದರೆಂದು ಸರ್ವಮಂಗಳಕ್ಕನಿಗೆ ಹೇಳಿದೆ. ಆ ಒಂದು ಮಾತಿನಿಂದ ಅಕ್ಕ ಗಿಟಾರ್ ಬಿಟ್ಟರು. ಆರು ವರ್ಷವಾಯಿತು. ಬಾಯಿತಪ್ಪಿ ಬಂದದ್ದು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅಲ್ಲ — ಹಿಂದಿನ ದಿನವೇ ಯೋಚಿಸಿ, ಪದಗಳನ್ನು ಜೋಡಿಸಿಟ್ಟುಕೊಂಡು, ಅವರ ಮುಖ ನೋಡುತ್ತಲೇ ಹೇಳಿದ ಮಾತು ಅದು.

ನಾನು ಹೌಜ್ ಖಾಸ್ ಹತ್ತಿರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಯಂತ್ರಗಳನ್ನು ಹೊಂದಿಸಿಡುವುದು, ವಿದ್ಯಾರ್ಥಿಗಳು ಕೆಡಿಸಿದ್ದನ್ನು ಸರಿಮಾಡುವುದು. ಹಾಸನದಿಂದ ದೆಹಲಿಗೆ ಬಂದಾಗ ಇಪ್ಪತ್ತಾರು ವರ್ಷ, ಈಗ ನಲವತ್ತು. ಮದುವೆಯಾಗಿಲ್ಲ. ಒಂದು ಹಳೆಯ ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಇದ್ದೇನೆ. ಇಲ್ಲಿಯವರು ಅದನ್ನು ಬರ್ಸಾತಿ ಅನ್ನುತ್ತಾರೆ. ಆಗೆಲ್ಲ ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದು ಬಾಗಿಲು ಹಾಕಿದರೆ, ಸೋಮವಾರದವರೆಗೆ ನಾನು ಆಡುತ್ತಿದ್ದ ಮಾತು ಹಾಲಿನವನಿಗೆ ಹೇಳುವ "ಭಯ್ಯಾ, ಆಧಾ ಲೀಟರ್ ದೂಧ್" — ಅಷ್ಟೇ. ಒಂದು ಸೋಮವಾರ ಬೆಳಿಗ್ಗೆ ಯಾರಿಗೋ ನಮಸ್ತೆ ಹೇಳಲು ಹೋದರೆ ಗಂಟಲು ಕಟ್ಟಿ ಸ್ವರವೇ ಹೊರಡಲಿಲ್ಲ. ಶೀತವಾಗಿರಲಿಲ್ಲ. ಎರಡು ದಿನ ಬಳಸಿರಲಿಲ್ಲ, ಅಷ್ಟೇ.

ಅದೇ ವಾರ ಹಾಸ್ಟೆಲ್ ಖಾಲಿ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿ ತನ್ನ ಗಿಟಾರನ್ನು ಮಾರುವುದಾಗಿ ಚೀಟಿ ಅಂಟಿಸಿದ್ದಳು. ಕೊಂಡುಕೊಂಡೆ. ಸಂಗೀತದ ಹುಚ್ಚೇನೂ ಇರಲಿಲ್ಲ. ಕೋಣೆಯಲ್ಲಿ ಏನಾದರೂ ಒಂದು ಸದ್ದು ಬೇಕಿತ್ತು.

ಜೋಸೆಫ್ ಸರ್ ಒಂದು ಮನೆಯ ನೆಲಮಾಳಿಗೆಯಲ್ಲಿ ಭಾನುವಾರ ಹನ್ನೊಂದು ಗಂಟೆಗೆ ಹೊಸಬರಿಗೆ ಪಾಠ ಮಾಡುತ್ತಿದ್ದರು. ಎಲ್ಲರೂ ಶಾಲೆಯ ಮಕ್ಕಳು. ಮೊದಲ ದಿನ ಶ್ರುತಿ ಮಾಡುವಾಗ ಹಿಂದಿನ ಕುರ್ಚಿಯಲ್ಲಿ ಟಣ್ ಎಂದು ತಂತಿ ಕಡಿದುಹೋಯಿತು. ಜೊತೆಗೇ "ಅಯ್ಯೋ ಶಿವನೇ" ಎಂಬ ಉದ್ಗಾರ. ತಿರುಗಿ ನೋಡಿದೆ. ಹತ್ತಿ ಸೀರೆಯ, ಐವತ್ತು ದಾಟಿದ ಒಬ್ಬ ಹೆಂಗಸು, ಕಡಿದ ತಂತಿಯನ್ನು ಹಿಡಿದುಕೊಂಡು ತಪ್ಪು ಮಾಡಿದ ಮಗುವಿನ ಹಾಗೆ ಕೂತಿದ್ದರು.

"ಕನ್ನಡದವರಾ?" ಎಂದೆ.

"ತುಮಕೂರು ಕಣಮ್ಮ. ನೀನು?"

ಅವರೇ ಸರ್ವಮಂಗಳಕ್ಕ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಗಂಡ, ಮಗಳ ಜೊತೆ ಸರೋಜಿನಿ ನಗರದ ಕ್ವಾರ್ಟರ್ಸ್‌ನಲ್ಲಿದ್ದರು. ಗಿಟಾರ್ ಮಗಳು ಅನನ್ಯಾಳದು. ಹಟ ಮಾಡಿ ಕೊಡಿಸಿಕೊಂಡು, ಒಂದು ತಿಂಗಳು ಮುಟ್ಟಿ, ಮಂಚದ ಕೆಳಗೆ ತಳ್ಳಿದ್ದಳಂತೆ. ಕಸ ಗುಡಿಸುವಾಗಲೆಲ್ಲ ಪೊರಕೆ ತಗಲಿ ಅದು ಝುಂ ಅನ್ನುತ್ತಿತ್ತು. "ಕರೆದ ಹಾಗೆ ಆಗ್ತಿತ್ತು ಶೋಭಾ, ಅದಕ್ಕೇ ಎತ್ಕೊಂಡೆ" ಎಂದಿದ್ದರು. ಮನೆಯಲ್ಲಿ ನುಡಿಸಿದರೆ ಮಗಳು "ಮಮ್ಮಿ, ಪ್ಲೀಸ್ ಯಾರ್, ಡೋರ್ ಬಂದ್ ಮಾಡ್ಕೊಂಡು ಬಜಾವೋ" ಅನ್ನುತ್ತಾಳೆಂದು ಹೇಳಿ ಅವರೇ ನಗುತ್ತಿದ್ದರು.

ಪಾಠ ಮುಗಿದ ಮೇಲೆ ನಾವಿಬ್ಬರೂ ಡೀರ್ ಪಾರ್ಕಿನ ಬೆಂಚಿನಲ್ಲಿ ಕೂರುತ್ತಿದ್ದೆವು. ಅವರು ಡಬ್ಬಿ ಬಿಚ್ಚುತ್ತಿದ್ದರು — ಚಿತ್ರಾನ್ನ, ಇಲ್ಲವೆ ಹುಳಿಯವಲಕ್ಕಿ. ಒಂದು ಗಂಟೆ ಕನ್ನಡದಲ್ಲಿ ಮಾತು. ಆ ಒಂದು ಗಂಟೆಗೋಸ್ಕರ ನಾನು ವಾರದ ಉಳಿದ ಹೊತ್ತನ್ನೆಲ್ಲ ಕಳೆಯುತ್ತಿದ್ದೆ. ಇದನ್ನು ಅವರಿಗೆ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ — ಆ ಸುಳ್ಳಿನ ಅಗತ್ಯವೇ ಬೀಳುತ್ತಿರಲಿಲ್ಲವೋ ಏನೋ.

ಮೊದಲ ನಾಲ್ಕು ತಿಂಗಳು ಚೆನ್ನಾಗಿ ಹೋಯಿತು. ಬೆರಳ ತುದಿಗಳು ಉರಿದು, ಸುಲಿದು, ಗಟ್ಟಿಯಾದವು. ಸರಳವಾದ ಎರಡು ಹಾಡು ಬಂದವು. ಆಮೇಲೆ ನಿಂತುಬಿಟ್ಟೆವು. ತೋರುಬೆರಳನ್ನು ಅಡ್ಡಕ್ಕೆ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಒಂದು ಸ್ವರಮೇಳವಿದೆ. ಎಫ್ ಅನ್ನುತ್ತಾರೆ. ನಾವು ಒತ್ತಿದರೆ ಎರಡು ತಂತಿ ನುಡಿಯುತ್ತಿತ್ತು, ಉಳಿದವು ಹಲಗೆ ತಟ್ಟಿದ ಹಾಗೆ ಠಪ್ ಅನ್ನುತ್ತಿದ್ದವು. ಹೇಗೋ ಹಿಡಿತ ಸಿಕ್ಕಿತು ಅನ್ನುವಷ್ಟರಲ್ಲಿ ತಾಳ ಹೋಗಿರುತ್ತಿತ್ತು. ತಿಂಗಳುಗಟ್ಟಲೆ ಹೀಗೇ. ದಿನಾ ಕೂತರೂ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲೇ. ನಮ್ಮ ಜೊತೆ ಸೇರಿದ ಮಕ್ಕಳು ಒಬ್ಬೊಬ್ಬರಾಗಿ ಮುಂದಿನ ತರಗತಿಗೆ ಹೋದರು, ಹೊಸ ಮಕ್ಕಳು ಬಂದರು, ಅವರೂ ನಮ್ಮನ್ನು ದಾಟಿದರು. ಸರ್ ಮಾತ್ರ "ಸಬ್ ಕೇ ಸಾಥ್ ಹೋತಾ ಹೈ" ಅನ್ನುತ್ತಿದ್ದರು — ಎಲ್ಲರಿಗೂ ಹೀಗೆ ಆಗುತ್ತದೆ ಎಂದು.

ಬಿಟ್ಟುಬಿಡೋಣ ಎಂದು ನಾನು ಮೂರು ಸಲ ಹೇಳಿದ್ದೆ. ಮೂರು ಸಲವೂ ತಡೆದವರು ಅಕ್ಕ.

"ದಿನಾ ಹತ್ತೇ ನಿಮಿಷ ಕೂರು ಶೋಭಾ. ಕೆಟ್ಟದಾಗಿ ಬಂದ್ರೆ ಕೆಟ್ಟದಾಗೇ ಬರ್ಲಿ. ಆದ್ರೆ ಕೂರು."

ಅವರೇ ಇನ್ನೊಂದು ಉಪಾಯ ಮಾಡಿದರು. ಪ್ರತಿ ಭಾನುವಾರ ಸಂಜೆ ಇಬ್ಬರೂ ಒಂದೊಂದು ನಿಮಿಷ ನುಡಿಸಿ, ಫೋನಿನಲ್ಲಿ ಹಿಡಿದು, ಒಬ್ಬರಿಗೊಬ್ಬರು ಕಳಿಸಬೇಕು. "ನಮ್ದು ನಮ್ಗೆ ಗೊತ್ತಾಗಲ್ಲ. ನಿಂದು ನಾನು ಕೇಳ್ತೀನಿ, ನಂದು ನೀನು ಕೇಳು. ಮುಂದೆ ಹೋಗಿದ್ರೆ ಹೇಳು, ಇಲ್ಲಾಂದ್ರೂ ಹೇಳು." ನನ್ನದನ್ನು ಕೇಳಿ ಅವರು ಪ್ರತಿ ವಾರವೂ ಏನಾದರೊಂದು ಹುಡುಕಿ ಬರೆಯುತ್ತಿದ್ದರು — ಮೂರನೇ ತಂತಿ ಈ ಸಲ ಸ್ಪಷ್ಟ, ತಾಳ ಹೋದ ವಾರಕ್ಕಿಂತ ವಾಸಿ. ನಾನು ಅವರದ್ದಕ್ಕೆ "ಚೆನ್ನಾಗಿದೆ ಅಕ್ಕ" ಎಂದಷ್ಟೇ ಬರೆಯುತ್ತಿದ್ದೆ. ಎಷ್ಟೋ ವಾರ ಪೂರ್ತಿ ಕೇಳುತ್ತಲೂ ಇರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಅಕ್ಕ ಸಂಬಂಧಿಕರ ಮದುವೆಗೆಂದು ತುಮಕೂರಿಗೆ ಹೋಗಿದ್ದರು. ಅವರು ವಾಪಸು ಬರುವ ಶನಿವಾರ ಜೋಸೆಫ್ ಸರ್ ನನಗೆ ಫೋನ್ ಮಾಡಿದರು. ಅಕ್ಕನ ಫೋನ್ ಸಿಗುತ್ತಿಲ್ಲ, ಒಂದು ವಿಷಯ ತಿಳಿಸಿಬಿಡಿ ಎಂದರು.

"ಸರ್ವಾ ಜೀ ಕಾ ಹಾಥ್ ಖುಲ್ ಗಯಾ ಹೈ. ಅಗ್ಲೇ ಮಹೀನೇ ಸೇ ಶನಿವಾರ್ ವಾಲೇ ಬ್ಯಾಚ್ ಮೇಂ ಆಯೇಂ."

ಅಕ್ಕನ ಕೈ ಪಳಗಿ ಬಿಚ್ಚಿಕೊಂಡಿದೆ, ಮುಂದಿನ ತಿಂಗಳಿಂದ ಶನಿವಾರದ ಮೇಲಿನ ತರಗತಿಗೆ ಬರಲಿ ಎಂದು. ನನ್ನ ವಿಷಯ ಕೇಳಿದೆ — "ಔರ್ ಮೈಂ, ಸರ್?" "ಆಪ್ ಅಭೀ ಇಸೀ ಮೇಂ ರಹಿಯೇ" ಎಂದರು. ನೀವು ಸದ್ಯಕ್ಕೆ ಇಲ್ಲೇ ಇರಿ.

ಫೋನ್ ಇಟ್ಟ ಮೇಲೆ ನನಗಾದದ್ದನ್ನು ಇಲ್ಲಿ ಪ್ರಾಮಾಣಿಕವಾಗಿ ಬರೆಯಬೇಕು. ಮೊದಲು ಬಂದದ್ದು ಹೊಟ್ಟೆಕಿಚ್ಚು. ಐವತ್ತೈದರ ಇವರಿಗೆ ಬಂತು, ಮೂವತ್ತನಾಲ್ಕರ ನನಗೆ ಬರಲಿಲ್ಲ! ಆ ಕಿಚ್ಚಿನ ಹಿಂದೆಯೇ ಭಯ — ಇನ್ನು ಭಾನುವಾರ ಅವರು ಬರುವುದಿಲ್ಲ. ಬೆಂಚು, ಡಬ್ಬಿ, ಮಾತು ಎಲ್ಲ ಮುಗಿಯಿತು. ಯಾವುದು ಹೆಚ್ಚಾಗಿತ್ತು ಎಂದು ಕೇಳಿದರೆ ಇವತ್ತಿಗೂ ತಿಳಿಯದು. ಭಯವೇ ಹೆಚ್ಚು ಎಂದರೆ ನನ್ನ ತಪ್ಪು ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ಹಾಗೆ ಹೇಳುವುದಿಲ್ಲ.

ಮರುದಿನ ಭಾನುವಾರ. ಪಾಠಕ್ಕೆ ಮೊದಲು ಮೆಟ್ರೊ ನಿಲ್ದಾಣದ ಹೊರಗೆ ಸಿಕ್ಕರು. ಊರಿನಿಂದ ನನಗೆಂದು ತಂದ ಚಕ್ಕುಲಿಯ ಪೊಟ್ಟಣ ಕೈಗಿಟ್ಟು ಕೇಳಿದರು: "ಸರ್ ಮಿಸ್ಡ್ ಕಾಲ್ ಇತ್ತು ಕಣೇ. ಟ್ರೈನಲ್ಲಿದ್ದೆ. ನಿಂಗೇನಾದ್ರೂ ಹೇಳಿದ್ರಾ?"

"ಹೇಳಿದ್ರು ಅಕ್ಕ" ಎಂದೆ. "ಹೇಗೆ ಹೇಳ್ಲಿ... ನಿಮ್ಮ ಬೆರಳು ಇನ್ನು ಬಗ್ಗೋದು ಕಷ್ಟ ಅಂತೆ. ವಯಸ್ಸಾಯ್ತಲ್ಲ, ಇಷ್ಟರ ಮೇಲೆ ಬರಲ್ಲ ಅಂದ್ರು."

ನನ್ನ ಲೆಕ್ಕ ಇದಾಗಿತ್ತು — ಅವರು ನಕ್ಕು, "ಬರದಿದ್ರೆ ಬೇಡ ಬಿಡು, ಇಬ್ರೂ ಇಲ್ಲೇ ಇರೋಣ" ಅನ್ನುತ್ತಾರೆ. ನನ್ನನ್ನು ಮೂರು ಸಲ ಎಬ್ಬಿಸಿ ನಿಲ್ಲಿಸಿದವರು ಒಂದು ಮಾತಿಗೆ ಕುಸಿಯುತ್ತಾರೆ ಎಂದು ಅನ್ನಿಸಿರಲಿಲ್ಲ. ಇನ್ನೊಬ್ಬರಿಗೆ ಧೈರ್ಯ ತುಂಬುವವರಿಗೆ ತಮ್ಮದೆಂದು ಬೇರೆ ದಾಸ್ತಾನು ಇರುತ್ತದೆ ಎಂದುಕೊಂಡಿದ್ದೆ. ಅವರು ಎಡಗೈಯನ್ನು ಮಡಿಸಿ, ಬಿಡಿಸಿ, ಒಮ್ಮೆ ನೋಡಿಕೊಂಡರು. "ಹೌದಾ. ನಂಗೂ ಹಾಗೇ ಅನ್ಸಿತ್ತು" ಎಂದರು. ತಲೆನೋವು, ಇವತ್ತು ಪಾಠ ಬೇಡ ಎಂದು ಅಲ್ಲಿಂದಲೇ ತಿರುಗಿದರು. ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತ ನಿಂತೆ. ಕೂಗಬಹುದಿತ್ತು. ಗಿಟಾರಿನ ಚೀಲ ಹೊತ್ತವರು ಬೇಗ ನಡೆಯಲಾರರು, ಓಡಿದ್ದರೆ ಸಿಗುತ್ತಿದ್ದರು.

ಎರಡನೆಯ ಸುಳ್ಳು ಅದರ ಹಿಂದೆಯೇ ಬಂತು. "ಸರ್ವಾ ಜೀ ನಹೀಂ ಆಯೀಂ?" ಎಂದು ಸರ್ ಕೇಳಿದಾಗ, ಅವರಿಗೆ ಮನೆಯ ಕೆಲಸವಂತೆ, ಸದ್ಯಕ್ಕೆ ಬಿಡುತ್ತಾರಂತೆ ಎಂದೆ. ಸರ್ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದರು. ಅಕ್ಕ ಸರ್‌ಗೆ ಫೋನ್ ಮಾಡಿ ಕೇಳುವವರಲ್ಲ. ಬೇಡ ಅಂದವರ ಬಾಗಿಲಿಗೆ ಹೋಗುವ ಸ್ವಭಾವ ಅವರದಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದೆರಡು ಸಲ ಅವರ ಮನೆಗೆ ಹೋದೆ. ಚೆನ್ನಾಗಿಯೇ ಮಾತಾಡಿಸಿದರು, ಊಟ ಹಾಕಿದರು. ಗಿಟಾರನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದರು. ಭಾನುವಾರದ ಕಾರಣವೇ ಇಲ್ಲವಾದ ಮೇಲೆ ಭೇಟಿ ತಿಂಗಳಿಗೊಂದು, ಆಮೇಲೆ ಹಬ್ಬಕ್ಕೊಂದು ಆಯಿತು. ಅವರ ಯಜಮಾನರು ನಿವೃತ್ತರಾದಾಗ ನೋಯ್ಡಾಗೆ ಹೋದರು. ನಾನು ಯಾರನ್ನು ಹಿಡಿದಿಟ್ಟುಕೊಳ್ಳಲು ಸುಳ್ಳು ಹೇಳಿದೆನೋ ಅವರೇ ಕೈತಪ್ಪಿ ಹೋದರು. ಬೆಂಚಿನಲ್ಲಿ ಒಬ್ಬಳೇ ಕೂರಲಾಗದೆ ಆ ಪಾರ್ಕಿಗೆ ಹೋಗುವುದನ್ನೇ ಬಿಟ್ಟೆ.

ಗಿಟಾರ್ ಮಾತ್ರ ಬಿಡಲಿಲ್ಲ. ಛಲ ಎಂದು ಯಾರಾದರೂ ಹೊಗಳಬಹುದು — ಅಲ್ಲ. ನಾನೂ ಬಿಟ್ಟರೆ, ಅವರಿಗೆ ಹಾಗೆ ಮಾಡಿದ್ದು ಪೂರಾ ವ್ಯರ್ಥವಾಗುತ್ತದೆ ಎಂಬ ಯಾವುದೋ ವಕ್ರ ತರ್ಕ. ದಿನಾ ಹತ್ತು ನಿಮಿಷ. ಇನ್ನೂ ಹದಿನಾಲ್ಕು ತಿಂಗಳು ಅಲ್ಲೇ ನಿಂತಿದ್ದೆ. ಆಮೇಲೆ ಒಂದು ಬೆಳಿಗ್ಗೆ, ಹಾಲು ಕಾಯಲಿಟ್ಟು ಸುಮ್ಮನೆ ತಂತಿ ಮುಟ್ಟಿದರೆ, ಆರೂ ತಂತಿ ಒಟ್ಟಿಗೆ ನುಡಿದವು. ಇನ್ನೊಮ್ಮೆ ಒತ್ತಿದೆ. ಮತ್ತೆ ನುಡಿದವು. ಹಿಂದಿನ ದಿನಕ್ಕಿಂತ ಬೇರೆಯಾಗಿ ನಾನೇನೂ ಮಾಡಿರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ಹೇಳಲು ಯಾರೂ ಇರಲಿಲ್ಲ.

ಫೋನ್ ತೆಗೆದೆ. ಬೆರಳು ತಾನಾಗಿಯೇ ಅಕ್ಕನ ಹಳೆಯ ಸಂದೇಶಗಳಿಗೆ ಹೋಯಿತು. ಅಲ್ಲಿ ಅವರು ಕಳಿಸಿದ್ದ ಒಂದೊಂದು ನಿಮಿಷದ ತುಣುಕುಗಳೆಲ್ಲ ಹಾಗೇ ಇದ್ದವು. ಮೊದಲನೆಯದರಿಂದ ಹಿಡಿದು ಕೊನೆಯವರೆಗೂ, ನೆಲದ ಮೇಲೆ ಕೂತು, ಮೊದಲ ಬಾರಿಗೆ ಸರಿಯಾಗಿ ಕೇಳಿದೆ. ಒಂದು ವಾರಕ್ಕೂ ಮುಂದಿನ ವಾರಕ್ಕೂ ಏನೂ ವ್ಯತ್ಯಾಸವಿಲ್ಲ. ಆದರೆ ಬೇಸಿಗೆಯ ತುಣುಕಿಗೂ ಚಳಿಗಾಲದ ತುಣುಕಿಗೂ ಅಜಗಜಾಂತರ. ಕೊನೆಯದರಲ್ಲಿ ಕೈ ಎಷ್ಟು ಹಗುರವಾಗಿತ್ತು! ಮಧ್ಯೆ ಒಂದು ಕಡೆ ತಪ್ಪಿ, ತಾವೇ ಸಣ್ಣಗೆ ನಕ್ಕು, ತಾಳ ಬಿಡದೆ ಮುಂದೆ ಹೋಗಿದ್ದರು. ನಿಂತ ನೀರು ಎಂದು ನಾವು ಅಂದುಕೊಂಡಿದ್ದ ಆ ತಿಂಗಳುಗಳಲ್ಲೆಲ್ಲ ಅವರು ಹರಿಯುತ್ತಲೇ ಇದ್ದರು. ಅದನ್ನು ಹೇಳಲೆಂದೇ ನನ್ನನ್ನು ನಂಬಿ ಕಳಿಸಿದ್ದರು. ನಾನು ಹೇಳಿದ್ದು ಏನು?

ಅಂದೇ ಹೋಗಿ ಒಪ್ಪಿಕೊಂಡೆ ಎಂದು ಬರೆಯುವಂತಿದ್ದರೆ! ಇಲ್ಲ. ಅದಾದ ಮೇಲೂ ಹತ್ತಿರಹತ್ತಿರ ಐದು ವರ್ಷ ಸುಮ್ಮನಿದ್ದೆ. ಯುಗಾದಿಗೆ, ದೀಪಾವಳಿಗೆ ಶುಭಾಶಯ ಕಳಿಸಿದೆ.

ಕಳೆದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ರಜೆ ಹಾಕಿ ನೋಯ್ಡಾಗೆ ಹೋದೆ. ಎಂಟನೆಯ ಮಹಡಿಯ ಫ್ಲ್ಯಾಟ್. ಅಕ್ಕನೂ ಈಗ ನಿವೃತ್ತರು. ಯಜಮಾನರು ಹೊರಗೆ ಹೋಗಿದ್ದರು. ಚಹಾ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದು ತಂದರು. ಬೆರಳಿನ ಗೆಣ್ಣುಗಳು ಊದಿದ್ದವು.

"ಸಂಧಿವಾತ ಕಣೇ. ಎರಡು ವರ್ಷ ಆಯ್ತು. ಚಳೀಲಿ ಜಾಸ್ತಿ" ಎಂದರು.

ನಾನು ಚಹಾ ಮುಟ್ಟದೆ ಎಲ್ಲ ಹೇಳಿದೆ. ಹೇಳಿ ಮುಗಿಸಿದ ಮೇಲೆ, ಬಾಲ್ಕನಿಯ ಕಡೆ ನೋಡುತ್ತ ಕೇಳಿದರು: "ಸರ್ ಏನಂದಿದ್ರು? ಅವರ ಮಾತಲ್ಲೇ ಹೇಳು."

"ಸರ್ವಾ ಜೀ ಕಾ ಹಾಥ್ ಖುಲ್ ಗಯಾ ಹೈ."

ಊದಿದ ಎಡಗೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಹೇಳಿದರು, ಕೋಪದಿಂದಲ್ಲ, ಮನೆಯ ಯಾವುದೋ ವಿಷಯ ಹೇಳುವ ಹಾಗೆ —

"ಗಿಟಾರ್ ಹೋಗ್ಲಿ ಶೋಭಾ. ಅನನ್ಯಾ ಕಾರ್ ಕಲಿ ಮಮ್ಮಿ ಅಂದ್ಲು. ನಂಗೆ ಬರಲ್ಲ, ವಯಸ್ಸಾಯ್ತು ಅಂದೆ. ಆಫೀಸಲ್ಲಿ ಹೊಸ ಸೆಕ್ಷನ್ ಕೊಡ್ತೀವಿ, ಟ್ರೈನಿಂಗಿಗೆ ಹೋಗಿ ಅಂದ್ರು. ಬೇಡ, ಇನ್ನು ನಂಗೆ ತಲೆಗೆ ಹತ್ತಲ್ಲ ಅಂದೆ. ಆರು ವರ್ಷ ಎಲ್ಲದಕ್ಕೂ ಇದೇ ಹೇಳ್ಕೊಂಡು ಬಂದೆ. ಅದನ್ನ ನಿನ್ ಬಾಯಿಂದ ಕಲ್ತಿದ್ದು ಅಂತ ಇವತ್ತು ಗೊತ್ತಾಯ್ತು."

ನಾನು ಒಂದು ಗಿಟಾರ್ ಬಿಡಿಸಿದೆ ಎಂದಷ್ಟೇ ತಿಳಿದು ಹೋಗಿದ್ದೆ.

ಲಿಫ್ಟಿನವರೆಗೆ ಬಂದರು. ಗುಂಡಿಯನ್ನು ಬೆರಳಿನಿಂದ ಒತ್ತಲಾಗದೆ ಮಡಿಸಿದ ಗೆಣ್ಣಿನಿಂದ ಒತ್ತಿದರು. "ಹುಷಾರಾಗಿ ಹೋಗು" ಎಂದರು. "ಸದ್ಯಕ್ಕೆ ಫೋನ್ ಮಾಡ್ಬೇಡ. ಮಾಡ್ಬೇಕು ಅನ್ಸಿದ್ರೆ ನಾನೇ ಮಾಡ್ತೀನಿ."

ಇದಾಗಿ ಐದು ತಿಂಗಳು. ಫೋನ್ ಬಂದಿಲ್ಲ. ನಾನೂ ಮಾಡಿಲ್ಲ, ಮಾಡುವುದೂ ಇಲ್ಲ. ಕ್ಷಮೆ ಕೇಳಲು ಅಲ್ಲ, ನಿಜ ಹೇಳಲಷ್ಟೇ ಹೋಗಿದ್ದೆ ಎಂದು ಇಲ್ಲಿ ಬರೆದಿದ್ದೆ. ಓದಿ ನೋಡಿ ಆ ಸಾಲನ್ನು ಹೊಡೆದುಹಾಕಿದೆ. ಅದೂ ಸುಳ್ಳು. ಕ್ಷಮಿಸು ಅನ್ನಿಸಿಕೊಂಡು ಹಗುರಾಗಲೆಂದೇ ಹೋಗಿದ್ದೆ — ಅವರ ಎದುರು ಕೂತಾಗ ಕೇಳಲು ಬಾಯಿ ಬರಲಿಲ್ಲ.