ಇಂಗ್ಲೆಂಡಿನ ಹಳ್ಳಿ ಚರ್ಚಿನಲ್ಲಿ ಒಂದು ಅರ್ಚನೆ

ಹಳೆಯ ಚರ್ಚು ಕಂಡರೆ ನನ್ನ ಕಾಲು ತಾನಾಗಿಯೇ ಅತ್ತ ತಿರುಗುತ್ತದೆ. ಇದು ಭಕ್ತಿಯಲ್ಲ, ಚಟ. ಮೂವತ್ತು ವರ್ಷದಿಂದ ನಾನಿರುವ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ, ನನ್ನನ್ನು ಬಿಟ್ಟರೆ ಅತಿ ಪುರಾತನ ವಸ್ತುವೆಂದರೆ ನಮ್ಮ ಮನೆಯ ವಾಟರ್ ಹೀಟರ್. ಹಾಗಾಗಿ ಹೋದ ವರ್ಷ ಹಠ ಹಿಡಿದು, ಹೆಂಡತಿ ಶಾರದೆಯನ್ನೂ ಹೊರಡಿಸಿಕೊಂಡು ಇಂಗ್ಲೆಂಡಿನ ಹಳ್ಳಿಗಳನ್ನು ಸುತ್ತಿ ಬಂದೆ.

ಹೋಗುವ ಮೊದಲು ನಾನು ಬೇಕಾದಷ್ಟು ಓದಿಕೊಂಡಿದ್ದೆ. ಮೊದಲ ಚರ್ಚಿನ ಬಾಗಿಲಲ್ಲಿ ಕಮಾನಿನ ಶೈಲಿ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಶಾರದೆ, "ಮೊದಲು ಶೂ ಬಿಚ್ರೀ, ದೇವರ ಮನೆ ಅಲ್ವಾ?" ಎಂದಳು. ಬರಿಗಾಲಲ್ಲಿ ಆ ತಣ್ಣನೆಯ ಕಲ್ಲುಹಾಸಿನ ಮೇಲೆ ನಿಂತಾಗ ನನ್ನ ಪಾಂಡಿತ್ಯವೆಲ್ಲ ಮರಗಟ್ಟಿತು. ಚರ್ಚಿನ ವೇದಿಕೆ ಪೂರ್ವದಿಕ್ಕಿಗಿರುತ್ತದೆ ಎಂದಷ್ಟೇ ಹೇಳಿದೆ. "ವಾಸ್ತು ಸರಿಯಾಗಿದೆ," ಎಂದು ಒಪ್ಪಿಗೆ ಕೊಟ್ಟು ಅವಳು ಪ್ರದಕ್ಷಿಣೆಗೆ ಹೊರಟಳು.

ಮೂರನೆಯ ಹಳ್ಳಿಯ ಚರ್ಚಿನಲ್ಲಿ ಪ್ರಾರ್ಥನೆಯ ಚೀಟಿಗಳಿದ್ದವು. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರು ಬರೆದು ಡಬ್ಬಿಗೆ ಹಾಕುವುದು. ಶಾರದೆಗೆ ನಮ್ಮ ಕಡೆಯ ಕ್ಯಾಲಬಾಸಸ್ಸಿನ ದೇವಸ್ಥಾನದ ಅರ್ಚನೆ ಚೀಟಿ ತುಂಬಿ ಅಭ್ಯಾಸ. ಅದಿತಿ, ಕಾಶ್ಯಪ ಗೋತ್ರ, ಸ್ವಾತಿ ನಕ್ಷತ್ರ, ತುಲಾ ರಾಶಿ, ಡ್ರೈವಿಂಗ್ ಟೆಸ್ಟ್ ಪಾಸ್ ಆಗಲಿ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ನಮ್ಮ ಮನೆಯ ವಿಳಾಸವನ್ನೂ ಹಾಕಿದಳು.

"ವಿಳಾಸ ಯಾಕೆ?" ಎಂದೆ.

"ಪ್ರಸಾದ ಕಳಿಸೋಕೆ."

ಅದಿತಿ ನಮ್ಮ ಮೊಮ್ಮಗಳು, ನಮ್ಮಿಂದ ಎರಡು ಗಂಟೆ ದಾರಿಯ ಲಾ ಹೋಯಾದಲ್ಲಿ ಕಾಲೇಜು ಓದುತ್ತಾಳೆ. ಆಗಲೇ ಎರಡು ಸಲ ಟೆಸ್ಟ್ ಫೇಲಾಗಿದ್ದಳು. ಪ್ರತಿ ಶುಕ್ರವಾರ ನಾನು ಹೋಗಿ ಮನೆಗೆ ಕರೆತರಬೇಕಿತ್ತು. ಬರುವಾಗ ಪ್ರಾಕ್ಟೀಸಿಗೆಂದು ಅವಳೇ ಡ್ರೈವ್ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ನನ್ನ ಬಲಮಂಡಿ ಹೋಗಿತ್ತು. "ತಾತ, ರಿಲ್ಯಾಕ್ಸ್!" ಎನ್ನುತ್ತಿದ್ದಳು, ನನ್ನ ಕಡೆ ತಿರುಗಿ. ರಸ್ತೆ ನೋಡಮ್ಮಾ ಎನ್ನಲು ನನಗೆ ಉಸಿರೇ ಇರುತ್ತಿರಲಿಲ್ಲ. ಆ ಪ್ರಾರ್ಥನೆ ನಿಜವಾಗಿ ಬೇಕಾಗಿದ್ದದ್ದು ನನಗೆ.

ಊರಿಗೆ ಮರಳಿದ ತಿಂಗಳಿಗೆ ಪಾದ್ರಿಯವರ ಪತ್ರ ಬಂತು. ಭಾನುವಾರದ ಪ್ರಾರ್ಥನೆಯಲ್ಲಿ ಎಲ್ಲರೆದುರು ಚೀಟಿಯನ್ನು ಪೂರ್ತಿ ಓದಿದರಂತೆ. ಸ್ವಾತಿ ಎಂಬುವಳು ಅದಿತಿಯ ಅಕ್ಕ ಇರಬೇಕೆಂದು ಅವಳಿಗಾಗಿಯೂ ಪ್ರಾರ್ಥಿಸಿದರಂತೆ. ಪಾಸಾಗುವವರೆಗೂ ಪ್ರತಿ ವಾರ ಓದುತ್ತೇವೆ, ಆದ ಮೇಲೆ ದಯವಿಟ್ಟು ತಿಳಿಸಿ ಎಂದು ಬರೆದಿದ್ದರು. ಜೊತೆಗೆ ಚರ್ಚಿನ ಚಿತ್ರವಿದ್ದ ಒಂದು ಬುಕ್‌ಮಾರ್ಕ್. ಶಾರದೆ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮನೆಯಲ್ಲಿಟ್ಟಳು.

ಮೂರನೆಯ ಟೆಸ್ಟಿನಲ್ಲಿ ಅದಿತಿ, ಅಮೆರಿಕದಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕಾದ ಕಾರನ್ನು ತಿರುವಿನಲ್ಲಿ ನೇರ ಎಡಬದಿಗೆ ನುಗ್ಗಿಸಿ ಫೇಲಾದಳು. ಶಾರದೆಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. "ಆ ದೇವರಿಗೆ ಎಡಗಡೆ ಓಡಿಸಿ ಅಭ್ಯಾಸ. ನಾನು ಚೀಟೀಲಿ ಕ್ಯಾಲಿಫೋರ್ನಿಯಾ ಟೆಸ್ಟ್ ಅಂತ ಬರೀಬೇಕಿತ್ತು," ಎಂದು ಪೇಚಾಡಿಕೊಂಡಳು.

ನಾಲ್ಕನೆಯ ಸಲ ಪಾಸಾದಳು. ಈಗ ಶುಕ್ರವಾರ ಅವಳು ಒಬ್ಬಳೇ ಡ್ರೈವ್ ಮಾಡಿಕೊಂಡು ಬರುತ್ತಾಳೆ. ನಾನು ಸೋಫಾದಲ್ಲಿ ಕೂತಿರುತ್ತೇನೆ. ಮಂಡಿಗೆ ಬಿಡುವು ಸಿಕ್ಕೀತೆಂದುಕೊಂಡಿದ್ದೆ. ಬಾಗಿಲಲ್ಲಿ ಕಾರಿನ ಸದ್ದಾಗುವವರೆಗೂ ಬಲಗಾಲು ಕಾರ್ಪೆಟ್ಟನ್ನು ಒತ್ತುತ್ತಲೇ ಇರುತ್ತದೆ.

"ಪಾದ್ರಿಯವರಿಗೆ ತಿಳಿಸಿದ್ರಾ? ಪಾಪ, ಕಾಯ್ತಿರ್ತಾರೆ," ಎಂದು ಶಾರದೆ ವಾರಕ್ಕೊಮ್ಮೆ ಕೇಳುತ್ತಾಳೆ. ಬರೆಯುತ್ತೇನೆ ಎನ್ನುತ್ತೇನೆ. ಬರೆದಿಲ್ಲ, ಬರೆಯುವುದೂ ಇಲ್ಲ. ಪಾಸಾದಳೆಂದು ತಿಳಿದರೆ ಅವರು ಪ್ರಾರ್ಥನೆ ನಿಲ್ಲಿಸಿಬಿಡುತ್ತಾರೆ. ಹುಡುಗಿ ಒಬ್ಬಳೇ ಫ್ರೀವೇಗೆ ಇಳಿದಿರುವುದು ಈಗ ತಾನೇ!